ಇಂಗ್ಲಿಷ್ ಆಡುಮಾತನ್ನು ಜರ್ಮನ್‌ಗೆ ತರುವಾಗ ‘ಐಯಾಮ್’ ಎಲ್ಲಾ ‘ಇಷ್ ಬಿನ್’ ಆಗ್ತಿದೆ, ತಪ್ಪು ಎಲ್ಲಿ?

ಪ್ರಶ್ನೆ: ಸಾಲುಹುಡುಕ

12 ನಿಮಿಷದ ಒಂದು ಕಿರುಚಿತ್ರಕ್ಕೆ ಜರ್ಮನ್ ಸಬ್‌ಟೈಟಲ್ ಆಗಬೇಕು. ಮಾತೆಲ್ಲ ಇಂಗ್ಲಿಷ್‌ನಲ್ಲಿದೆ. ಕಥೆ ನಡೆಯುವುದು ಬರ್ಲಿನ್‌ನ ಒಂದು ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ. ಇಪ್ಪತ್ತು ಇಪ್ಪತ್ತೊಂದರ ಮೂವರು ವಿದ್ಯಾರ್ಥಿಗಳು, ಕೊನೆಗೆ ಬಾಡಿಗೆ ಕೇಳಲು ಬರುವ ಅರವತ್ತು ದಾಟಿದ ಮನೆ ಒಡತಿ. ನನ್ನ ಜರ್ಮನ್ ಬಿ2 ಮಟ್ಟದ್ದು, ಅಂದರೆ ಮಧ್ಯಮಕ್ಕಿಂತ ಸ್ವಲ್ಪ ಮೇಲೆ. ವ್ಯಾಕರಣದಲ್ಲಿ ತಪ್ಪಿಲ್ಲ ಅಂತಲೇ ಅನ್ನಿಸ್ತಿದೆ, ಆದರೆ ಕರಡು ಓದಿದ ಜರ್ಮನ್ನರು ಕೆಲವು ಸಾಲುಗಳಿಗೆ ನಗ್ತಾರೆ, ಕೆಲವಕ್ಕೆ ಮುಜುಗರ ಪಡ್ತಾರೆ. ತೊಂದರೆ ಕೊಡ್ತಿರುವ ಸಾಲುಗಳು ಇವು, ಮುಂದೆ ನನ್ನ ಪ್ರಯತ್ನ:

‘ಐಯಾಮ್ ಸೋ ಎಕ್ಸೈಟೆಡ್!’ – ಇಷ್ ಬಿನ್ ಜೋ ಎರ್‌ರೇಕ್ಟ್
‘ಐಯಾಮ್ ಹಾಟ್, ಓಪನ್ ದ ವಿಂಡೋ’ – ಇಷ್ ಬಿನ್ ಹೈಸ್, ಎಫ್ನೆ ಡಸ್ ಫೆನ್ಸ್‌ಟರ್
‘ಐಯಾಮ್ ಬೋರ್ಡ್’ – ಇಷ್ ಬಿನ್ ಲಂಗ್‌ವೈಲಿಷ್
‘ಐಯಾಮ್ ಡೌನ್’ (ಪಾರ್ಟಿಗೆ ಬರ್ತೀಯಾ ಅಂದಾಗ) – ಇಷ್ ಬಿನ್ ಉಂಟೆನ್
‘ಐಯಾಮ್ ಫುಲ್’ (ಊಟದ ಮೇಲೆ) – ಇಷ್ ಬಿನ್ ಫೊಲ್
‘ಐಯಾಮ್ ಸೋ ಡನ್’ (ರೋಸಿಹೋಗಿ) – ಇಷ್ ಬಿನ್ ಜೋ ಫೆರ್ಟಿಷ್
‘ಡ್ಯೂಡ್, ದಟ್ ಸಕ್ಸ್’ – ಟ್ಯೂಪ್, ಡಸ್ ಜೌಕ್ಟ್
‘ಐ ಸ್ಕ್ರೂಡ್ ಅಪ್’ – ಹೊಳೆಯಲೇ ಇಲ್ಲ
‘ಇಟ್ಸ್ ಫ್ರೀಕಿಂಗ್ ಕೋಲ್ಡ್’ – ಎಸ್ ಇಸ್ಟ್ ಜೇರ್ ಜೇರ್ ಕಲ್ಟ್
‘ಶಿ ಘೋಸ್ಟೆಡ್ ಮಿ’ (ಹೇಳದೆ ಕೇಳದೆ ಮಾತು ನಿಲ್ಲಿಸಿದಳು ಅಂತ) – ‘ಭೂತ’ ಅನ್ನುವ ಪದ ಇಟ್ಟು ಏನೋ ಮಾಡಿದೆ, ಸರಿಹೋಗಲಿಲ್ಲ
‘ನೋ ವರೀಸ್’ – ಕೈನೆ ಜೋರ್ಗೆನ್
‘ಗೆಟ್ ಔಟ್ ಆಫ್ ಹಿಯರ್!’ (ನಂಬಲಾಗದೆ) – ಗೇ ರೌಸ್

ಪದಕ್ಕೆ ಪದ ಬೇಡ. ಅದೇ ವಯಸ್ಸಿನ ಜರ್ಮನ್ ಹುಡುಗರು ಅದೇ ಜಾಗದಲ್ಲಿ ಏನು ಅಂದಾರು ಅನ್ನೋದು ಬೇಕು.

ಉತ್ತರ: ವಿಭಕ್ತಿಪ್ರಿಯ

ಓದುವವರಿಗೆ ಮೊದಲು ಒಂದು ಮಾತು. ಇಲ್ಲಿ ಜರ್ಮನ್ ಎಲ್ಲ ಕನ್ನಡ ಲಿಪಿಯಲ್ಲಿದೆ, ಹಾಗಾಗಿ ‘ಇಷ್’ನ ಕೊನೆಯ ಸದ್ದನ್ನು ನಮ್ಮ ಷ ಅಂತ ಓದಬೇಡಿ. ‘ಹೀ’ ಅನ್ನುವಾಗ ನಾಲಿಗೆ ಎಲ್ಲಿ ಇರುತ್ತೋ ಅಲ್ಲೇ ಇಟ್ಟು ಬರೀ ಗಾಳಿ ಬಿಟ್ಟರೆ ಬರುವ ಸದ್ದು ಅದು. ‘ಜೋ’, ‘ಜೇರ್’ನಲ್ಲಿ ಇರೋದು ಇಂಗ್ಲಿಷ್‌ನ ‘ಝೂ’ನಲ್ಲಿ ಬರುವ ಜ.

ಈಗ ವಿಷಯಕ್ಕೆ. ಮೊದಲ ಆರು ಸಾಲಿಗೂ ಅಂಟಿರುವ ಕಾಯಿಲೆ ಹೆಚ್ಚುಕಮ್ಮಿ ಒಂದೇ. ಮೈಗೆ ಆಗೋದು, ಮನಸ್ಸಿಗೆ ಆಗೋದು, ಹುಟ್ಟುಗುಣ, ಇದೆಲ್ಲವನ್ನೂ ಇಂಗ್ಲಿಷ್ ‘ಐಯಾಮ್’ ಅನ್ನೋ ಒಂದೇ ಚೀಲಕ್ಕೆ ತುಂಬುತ್ತೆ. ಜರ್ಮನ್ ತುಂಬಲ್ಲ. ಕನ್ನಡವೂ ತುಂಬಲ್ಲ. ಸೆಕೆಯಾದಾಗ ನಾವು ‘ನಾನು ಬಿಸಿ’ ಅಂತೀವಾ? ‘ನಂಗೆ ಸೆಕೆ’ ಅಂತೀವಿ. ಜರ್ಮನ್ನರೂ ‘ಮೀರ್ ಇಸ್ಟ್ ಹೈಸ್’ ಅಂತಾರೆ. ಮೀರ್ ಅಂದರೆ ನನಗೆ, ಅಪ್ಪಟ ಚತುರ್ಥಿ. ನೀವು ಬರೆದ ‘ಇಷ್ ಬಿನ್ ಹೈಸ್’ ಕೇಳಿದವರಿಗೆ ‘ನಾನು ಕಾಮದ ಬಿಸಿಯಲ್ಲಿದ್ದೇನೆ’ ಅಂತ ಕೇಳಿಸುತ್ತೆ. ಹೈಸ್ ತೆಗೆದು ‘ವಾರ್ಮ್’ ಹಾಕಿದರೂ ಪಾರಾಗಲ್ಲ; ‘ಇಷ್ ಬಿನ್ ವಾರ್ಮ್’ಗೆ ಹಳೆಯ ಆಡುಮಾತಿನಲ್ಲಿ ಸಲಿಂಗಕಾಮಿ ಅನ್ನುವ ಅರ್ಥ ಇತ್ತು. ಮೀರ್ ಹಾಕಿಬಿಟ್ಟರೆ ಎರಡೂ ತಾಪತ್ರಯ ಇಲ್ಲ.

ಬೇಜಾರಿನ ಸಾಲನ್ನೂ ಹಾಗೇ ನೋಡಿ. ‘ನಂಗೆ ಬೋರ್ ಆಗ್ತಿದೆ’ಗೂ ‘ನಾನು ಬೋರು ಮನುಷ್ಯ’ಗೂ ಇರೋ ವ್ಯತ್ಯಾಸ ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಜರ್ಮನ್‌ನಲ್ಲಿ ಮೊದಲನೆಯದು ‘ಮೀರ್ ಇಸ್ಟ್ ಲಂಗ್‌ವೈಲಿಷ್’. ನೀವು ಬರೆದಿರೋದು ಎರಡನೆಯದು. ಹೊಟ್ಟೆ ತೊಳಸಿದಾಗ ‘ಮೀರ್ ಇಸ್ಟ್ ಶ್ಲೆಷ್ಟ್’, ನಂಗೆ ವಾಕರಿಕೆ. ‘ಇಷ್ ಬಿನ್ ಶ್ಲೆಷ್ಟ್’ ಅಂದರೆ ನಾನು ಕೆಟ್ಟವನು, ಇಲ್ಲವೇ ಯಾವುದೋ ಕೆಲಸದಲ್ಲಿ ದಡ್ಡ. ‘ಐಯಾಮ್ ಸೋ ಡನ್’ಗೆ ಅತಿ ಚೆನ್ನಾಗಿ ಕೂರೋದು ‘ಮೀರ್ ರೈಷ್ಟ್ಸ್’. ನಂಗೆ ಸಾಕಾಯ್ತು. ವಿಭಕ್ತಿ, ಕ್ರಿಯಾಪದ, ಬೇಸರದ ಅಳತೆ, ಮೂರೂ ತಾಳೆ ಆಗುತ್ತೆ. ನೀವು ಹಾಕಿದ ‘ಇಷ್ ಬಿನ್ ಜೋ ಫೆರ್ಟಿಷ್’ ಜರ್ಮನ್ನರು ಅನ್ನುವ ಮಾತೇ, ಆದರೆ ಅದು ‘ಸುಸ್ತಾಗಿ ಬಿದ್ದಿದ್ದೀನಿ’ ಅಂತ.

ಹಾಗಾಗಿ ನನ್ನ ಸಲಹೆ ಇಷ್ಟೇ: ಇಂಗ್ಲಿಷ್ ಸಾಲನ್ನು ಮೊದಲು ಕನ್ನಡದಲ್ಲಿ ಗಟ್ಟಿಯಾಗಿ ಹೇಳಿ. ಪುಸ್ತಕದ ಕನ್ನಡ ಬೇಡ, ಮನೆ ಕನ್ನಡ. ‘ನಾನು’ ಬಂತಾ ‘ನಂಗೆ’ ಬಂತಾ ನೋಡಿ. ಆಮೇಲೆ ಜರ್ಮನ್‌ಗೆ ಹೋಗಿ.

ಉಳಿದವು: ‘ಐಯಾಮ್ ಡೌನ್’ಗೆ ‘ಬಿನ್ ಡಬೈ’. ‘ಇಷ್ ಬಿನ್ ಉಂಟೆನ್’ ಅಂದರೆ ಕೆಳಗಡೆ ಮನೆ ಬಾಗಿಲ ಹತ್ತಿರ ನಿಂತಿದ್ದೀನಿ ಅಂತ. ಊಟದ ಮೇಲೆ ‘ಬಿನ್ ಜಟ್’, ಹೊಟ್ಟೆ ಬಿರಿಯೋ ಹಾಗಾದರೆ ‘ಪಪ್‌ಜಟ್’. ‘ಇಷ್ ಬಿನ್ ಫೊಲ್’ ಅಂದವನು ಕುಡಿದು ಟೈಟಾಗಿದ್ದಾನೆ ಅಂತಲೇ ಮೊದಲು ತಿಳಿಯುತ್ತಾರೆ. ‘ಎರ್‌ರೇಕ್ಟ್’ ಅಂತೂ ಅಳಿಸಿಹಾಕಿ, ಅದೂ ಕಾಮದ ಕಡೆಗೇ ಹೋಗುತ್ತೆ. ಖುಷಿಯಿಂದ ಕಾಯ್ತಿದ್ದರೆ ‘ಇಷ್ ಫ್ರೊಯ್ ಮಿಷ್ ಜೋ’, ಏನಾಗುತ್ತೋ ಅಂತ ಕುತೂಹಲ ಇದ್ದರೆ ‘ಬಿನ್ ಗೆಶ್ಪಂಟ್’, ಪರೀಕ್ಷೆಗೆ ಮುಂಚಿನ ಎದೆ ಡವಡವ ಇದ್ದರೆ ‘ಬಿನ್ ಔಫ್‌ಗೆರೇಕ್ಟ್’. ಇಂಗ್ಲಿಷ್‌ನ ಒಂದು ಪದಕ್ಕೆ ಮೂರು ದಾರಿ, ದೃಶ್ಯ ನೋಡಿ ಆರಿಸಬೇಕು.

ಉತ್ತರ: ಧಾರ್ವಾಡಪೇಡೆ

ಮ್ಯಾಲಿನವರು ಹೇಳಿದ್ದು ಖರೆ ಐತ್ರಿ. ಆದ್ರ ‘ನಂಗ’ ಅಂದಲ್ಲೆಲ್ಲಾ ‘ಮೀರ್’ ಹಾಕಕ್ಕ ಹೋಗಬ್ಯಾಡ್ರಿ, ಅಲ್ಲೇ ಮುಗ್ಗರಿಸ್ತೀರಿ. ನಂಗ ಹಸಿವಾಗೇತಿ ಅನ್ನೂದಕ್ಕ ಜರ್ಮನ್‌ದಾಗ ‘ಇಷ್ ಹಾಬ್ ಹುಂಗರ್’, ಅಂದ್ರ ನನ್ನ ಹತ್ರ ಹಸಿವು ಐತಿ ಅಂದಂಗ. ನಂಗ ನಿದ್ದಿ ಬರ್ತೇತಿ ಅನ್ನೂದು ‘ಇಷ್ ಬಿನ್ ಮ್ಯೂಡೆ’. ನಂಗ ಗೊತ್ತು ಅನ್ನೂದು ‘ಇಷ್ ವೈಸ್’, ನಂಗ ಬೇಕು ಅನ್ನೂದು ‘ಇಷ್ ವಿಲ್’, ನಂಗ ಜರ್ಮನ್ ಬರ್ತೇತಿ ಅನ್ನೂದು ‘ಇಷ್ ಕನ್ ಡೊಯ್ಚ್’. ಇವಕ್ಕೆಲ್ಲ ಚತುರ್ಥಿ ನಡಿಯಂಗಿಲ್ಲ.

ಗಟ್ಟಿಯಾಗಿ ನಡಿಯೂವು ಇಷ್ಟು ನೆನಪಿಡ್ರಿ: ಚಳಿ, ಸೆಕಿ, ವಾಕರಿಕಿ, ತಲಿ ತಿರಗೂದು, ಬ್ಯಾಸರ, ಸಾಕಾಗೂದು, ಹಿಡಿಸೂದು, ಥಟ್ಟನ ಹೊಳಿಯೂದು, ಮತ್ತ ‘ನಂಗೇನು ಆಗಬೇಕಾಗೇತಿ’ ಅನ್ನೂದು. ಈ ಕಡೀದು ಬಾಳ ಮುಖ್ಯ ಐತಿ, ಯಾಕಂದ್ರ ಇಂಗ್ಲಿಷ್‌ನ ‘ಐ ಕುಡಂಟ್ ಕೇರ್ ಲೆಸ್’ ದಿನಾ ಬರೂ ಮಾತು. ಅದಕ್ಕ ಮೆಟ್ಟಿಲು ಅದಾವ: ‘ಡಸ್ ಇಸ್ಟ್ ಮೀರ್ ಎಗಾಲ್’ ಯಾರ ಮುಂದನೂ ನಡೀತೈತಿ. ‘ಮೀರ್ ವುರ್ಶ್ಟ್’ ಅಂದ್ರ ನನಗದು ಬರೇ ಸಾಸೇಜು ಅಂದಂಗ, ಗೆಳ್ಯಾರ ನಡುವ ಹಗುರ ಮಾತು. ‘ಮೀರ್ ಶೈಸ್‌ಎಗಾಲ್’ ಸಿಟ್ಟಿನ ಮಾತು. ಹುಡುಗುರು ಮೂರನೇದು ಅಂದ್ರ ನಡದೀತು, ಮನಿ ಒಡತಿ ಎದುರಿಗೆ ನಡಿಯಂಗಿಲ್ಲ. ಮೂರರಾಗೂ ‘ಮೀರ್’ ಬಿಟ್ರ ಕೆಟ್ಟಿತು. ‘ಇಷ್ ಬಿನ್ ಎಗಾಲ್’ ಅನ್ನೂದು ಜರ್ಮನ್ ಕಿವಿಗೆ ಹೊಂದಂಗಿಲ್ಲ.

ಉತ್ತರ: ಬೈಗುಳಕೋಶ

ಸಿಟ್ಟು, ಚಳಿ ಮತ್ತು ಎಡವಟ್ಟಿನ ಸಾಲುಗಳನ್ನು ನಾನು ತಗೋತೀನಿ.

ಇಂಗ್ಲಿಷ್ ಬೈಗುಳದ ಬುಡ ಕಾಮ, ಜರ್ಮನ್ ಬೈಗುಳದ ಬುಡ ಮಲ. ಇದನ್ನು ಹಿಡಿದರೆ ಅರ್ಧ ಕೆಲಸ ಮುಗಿಯಿತು. ಇಂಗ್ಲಿಷ್‌ನ ಎಫ್ ಅಕ್ಷರದ ಪದ ಬಂದಲ್ಲೆಲ್ಲ ಅದರ ಜರ್ಮನ್ ಸೋದರಪದ ಹಾಕಿದರೆ ಮಾತು ಮೂಲಕ್ಕಿಂತ ಎರಡು ಪಟ್ಟು ಕೊಳಕಾಗುತ್ತೆ. ಜರ್ಮನ್‌ನಲ್ಲಿ ಅದೇ ಭಾರಕ್ಕೆ ‘ಶೈಸೆ’ ಸಾಕು. ಅದಕ್ಕೂ ಮೆತ್ತಗೆ ಬೇಕಾದರೆ ‘ಮಿಸ್ಟ್’. ಪದಶಃ ಸಗಣಿಗೊಬ್ಬರ, ಮಕ್ಕಳ ಮುಂದೆಯೂ ಅನ್ನಬಹುದು. ಹಾಗಾಗಿ ಗೆಳೆಯನ ಕಷ್ಟ ಕೇಳಿ ಅನ್ನುವ ‘ದಟ್ ಸಕ್ಸ್’ಗೆ ‘ಜೋ ಐನ್ ಮಿಸ್ಟ್’ ಅಥವಾ ‘ಅಖ್, ಶೈಸೆ’. ಕಿರಿಕಿರಿಯ ‘ದಟ್ ಸಕ್ಸ್’ ಆದರೆ ‘ಡಸ್ ನೆರ್ಫ್‌ಟ್’. ನೀವು ಹಾಕಿದ ‘ಡಸ್ ಜೌಕ್ಟ್’ ಓದಿದವರಿಗೆ ವ್ಯಾಕ್ಯೂಮ್ ಕ್ಲೀನರ್ ನೆನಪಾಗುತ್ತೆ. ಜೌಗೆನ್ ಅಂದರೆ ಹೀರೋದು, ಕಸ ಎಳೆಯೋದು.

‘ಫ್ರೀಕಿಂಗ್ ಕೋಲ್ಡ್’ಗೆ ‘ಜೇರ್ ಜೇರ್ ಕಲ್ಟ್’ ಪಾಠಪುಸ್ತಕದ ಮಾತಾಯಿತು. ಜರ್ಮನ್ ಒತ್ತು ಕೊಡೋದು ಗುಣವಾಚಕದ ಮುಂದೆ ಒಂದು ತುಂಡು ಅಂಟಿಸಿ: ‘ಜೌಕಲ್ಟ್’, ಇಲ್ಲಿ ಜೌ ಅಂದರೆ ಹೆಣ್ಣುಹಂದಿ. ಇನ್ನೂ ಒರಟಾಗಿ ಬೇಕಾದರೆ ‘ಆರ್ಶ್‌ಕಲ್ಟ್’, ಅಂಡಿಗೆ ತಟ್ಟೋ ಚಳಿ. ನಾಯಿ ಸುಸ್ತಿಗೆ ‘ಹುಂಡೆಮ್ಯೂಡೆ’, ನಾರುವಷ್ಟು ಬೇಜಾರಿಗೆ ‘ಶ್ಟಿಂಕ್‌ಲಂಗ್‌ವೈಲಿಷ್’, ಕಡು ಸಿಟ್ಟಿಗೆ ‘ಶ್ಟಿಂಕ್‌ಜೌವರ್’, ಕಗ್ಗತ್ತಲೆಗೆ ‘ಶ್ಟೊಕ್‌ಡುಂಕೆಲ್’. ಇಲ್ಲೊಂದು ಎಚ್ಚರ. ಕನ್ನಡದಲ್ಲಿ ‘ತುತ್ತತುದಿ’, ‘ನಟ್ಟನಡು’, ‘ಬಟ್ಟಬಯಲು’ ಅಂತೀವಿ, ‘ಬಟ್ಟತುದಿ’ ಅನ್ನಲ್ಲ. ಅಲ್ಲೂ ಜೋಡಿ ಗೊತ್ತಾಗಿಬಿಟ್ಟಿದೆ. ‘ಶ್ಟೊಕ್‌ಕಲ್ಟ್’ ಅಂತ ನೀವೇ ಕಟ್ಟಿದರೆ ಹೊರಗಿನವರು ಅಂತ ಗೊತ್ತಾಗುತ್ತೆ. ಧೈರ್ಯವಾಗಿ ಎಲ್ಲದಕ್ಕೂ ಹಚ್ಚಬಹುದಾದ್ದು ‘ಜೌ’, ‘ಮೇಗಾ’ ಮತ್ತು ಬಿಡಿಯಾಗಿ ಬರುವ ‘ಫೊಲ್’, ‘ಎಷ್ಟ್’, ‘ಟೊಟಾಲ್’. ಊಟದ ಸಾಲಿನಲ್ಲಿ ಕೈಕೊಟ್ಟ ಆ ಫೊಲ್ ಇಲ್ಲಿ ಕೆಲಸಕ್ಕೆ ಬರುತ್ತೆ: ‘ಫೊಲ್ ಗೂಟ್’, ಸಖತ್ ಚೆನ್ನಾಗಿದೆ.

‘ಐ ಸ್ಕ್ರೂಡ್ ಅಪ್’ಗೆ ‘ಇಷ್ ಹಪ್ಸ್ ಫೆರ್‌ಬೊಕ್ಟ್’. ‘ಫೆರ್‌ಮಸೆಲ್ಟ್’ ಸ್ವಲ್ಪ ಮೆದು, ‘ಫೆರ್‌ಜೌಟ್’ ಒರಟು. ಮೂರರಲ್ಲೂ ಇರುವ ಈ ‘ಫೆರ್’ ಗಮನಿಸಿ. ಕೆಲಸ ಕೆಟ್ಟುಹೋಯ್ತು ಅನ್ನೋದನ್ನು ಜರ್ಮನ್ ಈ ಪೂರ್ವಪ್ರತ್ಯಯದಿಂದ ಹೇಳುತ್ತೆ. ದಾರಿ ತಪ್ಪಿದರೆ ‘ಫೆರ್‌ಲೌಫೆನ್’, ನಿದ್ದೆಯಲ್ಲಿ ಹೊತ್ತು ಮೀರಿದರೆ ‘ಫೆರ್‌ಶ್ಲಾಫೆನ್’, ಆಡುಮಾತಲ್ಲಿ ‘ಫೆರ್‌ಪೆಂಟ್’. ನಾವು ‘ಎಡವಟ್ಟು ಮಾಡಿಬಿಟ್ಟೆ’ ಅಂದಾಗ ‘ಬಿಟ್ಟೆ’ ಹೊರುವ ಭಾರವನ್ನು ಅಲ್ಲಿ ಫೆರ್ ಹೊರುತ್ತೆ. ಇನ್ನೊಂದು, ಆಡುಮಾತಿನ ಭೂತಕಾಲ ಹೆಚ್ಚಾಗಿ ‘ಹಾಬೆನ್’ ಅಥವಾ ‘ಜೈನ್’ ಸೇರಿಸಿದ ರೂಪದಲ್ಲೇ ಇರಲಿ. ‘ಇಷ್ ಫೆರ್‌ಬೊಕ್ಟೆ ಎಸ್’ ವ್ಯಾಕರಣಕ್ಕೆ ಸರಿ, ಆದರೆ ಆ ಹುಡುಗ ಕಾದಂಬರಿಯಿಂದ ಎದ್ದು ಬಂದ ಹಾಗೆ ಇರುತ್ತೆ.

‘ಬಾಯಿ ಮುಚ್ಚು’ ಅನ್ನುವ ಸಾಲು ಇದ್ದರೆ: ‘ಹಲ್ಟ್ ಡೀ ಕ್ಲಪೆ’ ಗೆಳೆಯರ ಮಟ್ಟ. ‘ಹಲ್ಟ್ಸ್ ಮೌಲ್’ನಲ್ಲಿ ಮೌಲ್ ಅಂದರೆ ಪ್ರಾಣಿಯ ಬಾಯಿ, ನಮ್ಮ ‘ಮೂತಿ’ಯ ಹತ್ತಿರ, ನೋಯುತ್ತೆ. ‘ಹಲ್ಟ್ ಡೀ ಫ್ರೆಸೆ’ ಹೊಡೆದಾಟಕ್ಕೆ ಮುಂಚಿನ ಮಾತು. ಮನುಷ್ಯ ಉಣ್ಣೋದು ‘ಎಸೆನ್’, ಪ್ರಾಣಿ ತಿನ್ನೋದು ‘ಫ್ರೆಸೆನ್’, ಆ ಫ್ರೆಸೆನ್‌ನಿಂದಲೇ ಫ್ರೆಸೆ. ನಾವು ಸಿಟ್ಟಿನಲ್ಲಿ ‘ಮುಕ್ಕು’ ಅಂದ ಹಾಗೆ.

ಸಬ್‌ಟೈಟಲ್ ಆಚೆಗೂ ತಿಳಿದಿರಲಿ: ಜರ್ಮನಿಯಲ್ಲಿ ಅವಮಾನ ಮಾಡೋದು ಅಪರಾಧ. ದಂಡಸಂಹಿತೆಯ 185ನೇ ಕಲಮಿನಡಿ ದಂಡ ಅಥವಾ ಒಂದು ವರ್ಷದವರೆಗೆ ಜೈಲು, ಸಾರ್ವಜನಿಕವಾಗಿ ಮಾಡಿದರೆ ಎರಡು ವರ್ಷದವರೆಗೆ. ರಸ್ತೆಯಲ್ಲಿ ಇನ್ನೊಬ್ಬ ಚಾಲಕನಿಗೆ ನಡುಬೆರಳು ತೋರಿಸಿದ್ದಕ್ಕೂ ಜನ ದಂಡ ಕಟ್ಟಿದ್ದಾರೆ. ಸಿನಿಮಾ ನೋಡಿ ಕಲಿತ ಬೈಗುಳವನ್ನು ಅಲ್ಲಿಗೆ ಓದಲು ಹೋದವರು ಪೊಲೀಸರ ಮುಂದೆ ಪ್ರಯೋಗಿಸುವುದು ಬೇಡ.

ಉತ್ತರ: ಎಲ್ಬೆದಂಡೆ

‘ಡ್ಯೂಡ್’ ಬಗ್ಗೆ ಯಾರೂ ಹೇಳಲಿಲ್ಲ. ‘ಟ್ಯೂಪ್’ ಅಂದರೆ ‘ಆಸಾಮಿ’. ಮೂರನೆಯವನ ಬಗ್ಗೆ ಹೇಳೋಕೆ ಸರಿ, ಎದುರಿಗಿರುವವನನ್ನು ಹಾಗೆ ಕರೆಯಲ್ಲ. ಬರ್ಲಿನ್‌ನಲ್ಲಿ ‘ಅಲ್ಟರ್’, ಬಾಯಲ್ಲಿ ‘ಅಲ್ಟಾ’. ಪದಕ್ಕೆ ‘ಮುದುಕ’ ಅಂತ ಅರ್ಥ, ಬಳಕೆಯಲ್ಲಿ ನಮ್ಮ ‘ಗುರು’ ಥರ. ಬೆರಗಾದಾಗ ಎದುರಿಗೆ ಯಾರೂ ಇಲ್ಲದಿದ್ದರೂ ಅಂತಾರೆ. ‘ಡಿಗ್ಗಾ’ ಹ್ಯಾಂಬರ್ಗ್‌ನಿಂದ ಎದ್ದದ್ದು, ‘ಡಿಕರ್’, ಅಂದರೆ ದಪ್ಪಗಿರೋನು, ಅನ್ನೋದರಿಂದ. ಈಗ ಎಲ್ಲ ಊರಲ್ಲೂ ಕೇಳುತ್ತೆ, ಹುಡುಗಿಯರೂ ಒಬ್ಬರಿಗೊಬ್ಬರು ಅಂತಾರೆ. ನಮ್ಮ ‘ಮಗಾ’ ಇದ್ದ ಹಾಗೆ. ಕಥೆ ವಿಯೆನ್ನಾದ್ದಾಗಿದ್ದರೆ ‘ಓಯ್ಡಾ’, ‘ಸೂಪರ್’ ಅನ್ನೋದಕ್ಕೆ ‘ಲೈವಾಂಡ್’. ನಿಮ್ಮದು ಬರ್ಲಿನ್ ಆದ್ದರಿಂದ ‘ಅಲ್ಟರ್’ ಸಾಕು, ಮೂವರಲ್ಲಿ ಒಬ್ಬನ ಬಾಯಿಗೆ ಮಾತ್ರ ‘ಡಿಗ್ಗಾ’ ಕೊಡಿ. ಪ್ರತಿ ಸಾಲಿಗೂ ಹಾಕಿದರೆ ಅಣಕ ಆಗುತ್ತೆ.

‘ವಲ್ಲಾ’, ‘ಯಲ್ಲಾ’, ‘ಲಾನ್’ ಅನ್ನುವ ಅರಬಿ, ತುರ್ಕಿ ಮೂಲದ ಪದಗಳೂ ಬರ್ಲಿನ್ ಬೀದಿ ಮಾತಿನಲ್ಲಿವೆ. ಕ್ರೊಯ್ಟ್ಸ್‌ಬೆರ್ಗ್‌ನಂಥ ಬಡಾವಣೆಗಳ ಈ ಮಾತನ್ನು ಭಾಷಾವಿಜ್ಞಾನಿಗಳು ‘ಕೀಟ್ಸ್‌ಡೊಯ್ಚ್’ ಅಂತ ಕರೆದು ಅಧ್ಯಯನ ಮಾಡಿದ್ದಾರೆ. ‘ಇಷ್ ಗೇ ಕೀನೋ’, ನಾನು ಸಿನಿಮಾ ಹೋಗ್ತೀನಿ, ಅಂತ ನಡುವಿನ ‘ಇನ್ಸ್’, ಅಂದರೆ ನಮ್ಮ ‘ಗೆ’, ಬಿಟ್ಟು ಮಾತಾಡೋದು ಅದರ ಗುರುತು. ಪಾತ್ರ ಆ ಬಡಾವಣೆಯದ್ದಾಗಿದ್ದರೆ ಬಳಸಿ. ರಂಗಿಗೆ ಅಂತ ಎರಚಬೇಡಿ, ಪಾತ್ರದ ಮನೆತನವೇ ಬದಲಾಗಿಹೋಗುತ್ತೆ.

‘ಗೈಲ್’ ಅಂತ ಒಂದಿದೆ, ಸಖತ್ ಅನ್ನೋ ಅರ್ಥದ್ದು. ‘ಡಸ್ ಇಸ್ಟ್ ಗೈಲ್’ ಅನ್ನಬಹುದು. ‘ಇಷ್ ಬಿನ್ ಗೈಲ್’ ಅಂದರೆ ಮತ್ತೆ ಅದೇ ಕಾಮದ ಗುಂಡಿ. ವಸ್ತುವಿಗೆ ಸರಿ, ತನಗೆ ತಾನೇ ಬೇಡ. ‘ಕ್ರಸ್’ ಹೆಚ್ಚು ಉಪಯೋಗಿ, ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಒಂದೇ, ‘ಭಯಂಕರ’ ಅಂತೀವಲ್ಲ ಹಾಗೆ.

ಇನ್ನು ಎಲ್ಲವನ್ನೂ ಅನುವಾದ ಮಾಡಲೇಬೇಕು ಅಂತ ಇಲ್ಲ. ಲಾಂಗೆನ್‌ಶೈಟ್ ಪ್ರಕಾಶನ 2008ರಿಂದ ‘ವರ್ಷದ ಯುವಪದ’ ಅಂತ ಆರಿಸುತ್ತೆ. 2020ರಲ್ಲಿ ‘ಲಾಸ್ಟ್’, 2021ರಲ್ಲಿ ‘ಕ್ರಿಂಜ್’, 2022ರಲ್ಲಿ ‘ಸ್ಮ್ಯಾಶ್’, 2023ರಲ್ಲಿ ‘ಗೂಫಿ’. ಎಲ್ಲ ಇಂಗ್ಲಿಷೇ. ‘ಐಯಾಮ್ ಲಾಸ್ಟ್’ಗೆ ‘ಬಿನ್ ಫೊಲ್ ಲಾಸ್ಟ್’ ಅಂದರೆ ಅದೇ ನಿಜವಾದ ಜರ್ಮನ್. ‘ಘೋಸ್ಟೆಡ್’ಗೂ ಅಷ್ಟೇ: ‘ಜೀ ಹಟ್ ಮಿಷ್ ಗೆಗೋಸ್ಟೆಟ್’. ನಾವು ಇಂಗ್ಲಿಷ್ ಪದಕ್ಕೆ ‘ಮಾಡು’ ಸೇರಿಸಿ ಕನ್ನಡ ಮಾಡಿಕೊಂಡ ಹಾಗೆ ಅವರು ಪದದ ಮೊದಲಿಗೆ ‘ಗೆ’, ಕೊನೆಗೆ ‘ಟ್’ ಹಚ್ಚುತ್ತಾರೆ: ಗೆಚಿಲ್ಟ್, ಗೆಗೂಗೆಲ್ಟ್, ಗೆಚೆಕ್ಟ್. ಕೊನೆಯದಕ್ಕೆ ‘ಪರಿಶೀಲಿಸಿದ’ ಅಂತಲೂ ಇದೆ, ಹೆಚ್ಚಾಗಿ ‘ತಲೆಗೆ ಹೋಯ್ತು’ ಅಂತ. ‘ಹಸ್ಟ್ ಡೂಸ್ ಗೆಚೆಕ್ಟ್?’ ಅಂದರೆ ಅರ್ಥ ಆಯ್ತಾ?

ಹಳಸಿದ ಪದಗಳ ಬಗ್ಗೆಯೂ ಎಚ್ಚರ. ನಿಘಂಟಿನಲ್ಲಿ ‘ಕೂಲ್’ಗೆ ಸಮಾನವಾಗಿ ‘ಡುಫ್ಟೆ’, ‘ಕ್ನೋರ್ಕೆ’ ಸಿಗುತ್ತೆ, ಎರಡೂ ಬರ್ಲಿನ್ ಮಾತೇ, ಆದರೆ ತಾತನ ಕಾಲದ್ದು. ಇಪ್ಪತ್ತರ ಹುಡುಗನಿಗೆ ಬೇಡ, ಮನೆ ಒಡತಿಯ ಬಾಯಿಗೆ ‘ಡುಫ್ಟೆ’ ಕೊಟ್ಟರೆ ಪಾತ್ರ ಜೀವ ತಳೆಯುತ್ತೆ. ಕಂಡ ತಕ್ಷಣ ಇಂಗ್ಲಿಷ್ ಅನ್ನಿಸುವ ಜರ್ಮನ್ ಪದಗಳು ಇನ್ನೊಂದು ಬಲೆ. ನಿಮ್ಮ ಸಂಭಾಷಣೆಯಲ್ಲಿ ಯಾರಾದರೂ ಬಿಎಂಡಬ್ಲ್ಯೂ ಕಾರಿಗೆ ‘ಬೀಮರ್’ ಅಂದಿದ್ದರೆ ಹಾಗೇ ಬಿಡಬೇಡಿ, ಜರ್ಮನ್‌ನಲ್ಲಿ ಬೀಮರ್ ಅಂದರೆ ಪ್ರೊಜೆಕ್ಟರ್. ‘ಮೈ ಫ್ರೆಂಡ್’ ಅನ್ನೋದನ್ನು ‘ಮೈನ್ ಫ್ರೊಯಿಂಡ್’ ಮಾಡಿದರೆ ಹೆಚ್ಚಾಗಿ ಪ್ರಿಯಕರ ಅಂತ ಅರ್ಥವಾಗುತ್ತೆ, ‘ಐನ್ ಫ್ರೊಯಿಂಡ್ ಫೊನ್ ಮೀರ್’ ಅನ್ನಿ.

‘ಗೆಟ್ ಔಟ್ ಆಫ್ ಹಿಯರ್!’ ನಂಬಲಾಗದ ಉದ್ಗಾರ ತಾನೇ, ‘ಎಷ್ಟ್ ಯೆಟ್ಸ್ಟ್?’ ಅಥವಾ ‘ನಿಷ್ಟ್ ಡೈನ್ ಎರ್ನ್‌ಸ್ಟ್!’. ಸುಳ್ಳು ಬಿಡ್ತಿದ್ದೀಯ ಅನ್ನೋ ಧಾಟಿಗೆ ‘ಅಖ್ ಕೊಮ್!’. ‘ನೀ ಹೋಗೋ’ ಅಂತೀವಲ್ಲ, ಅಷ್ಟೇ ತೂಕ.

ಮತ್ತೆ ಪ್ರಶ್ನೆ: ಸಾಲುಹುಡುಕ

ಚತುರ್ಥಿಯ ಬೆಳಕು ಬಿದ್ದ ಮೇಲೆ ಅರ್ಧ ಸ್ಕ್ರಿಪ್ಟ್ ತಾನಾಗಿಯೇ ಸರಿಹೋಯ್ತು. ಈಗ ಮೂರು ಉಳಿದಿವೆ. ಒಂದು, ‘ನೋ ವರೀಸ್’ ನಾಲ್ಕು ಕಡೆ ಬರುತ್ತೆ, ಅದರಲ್ಲೊಂದು ಮನೆ ಒಡತಿಯ ಮಾತು. ಎರಡು, ಬಾಡಿಗೆ ಕೇಳಿದಾಗ ಹುಡುಗ ಅವಳಿಗೆ ‘ಮೈ ಬ್ಯಾಡ್, ಐಯಾಮ್ ಬ್ರೋಕ್’ ಅಂತಾನೆ, ಅವಳು ಹೋದ ಮೇಲೆ ಗೆಳೆಯರಿಗೆ ಮತ್ತೆ ‘ಐಯಾಮ್ ಸೋ ಬ್ರೋಕ್’ ಅಂತಾನೆ. ಮೂರು, ಎಲ್ಲ ಸರಿ ಮಾಡಿದರೂ ಸಾಲುಗಳು ಆಜ್ಞೆ 
ಕೊಟ್ಟ ಹಾಗೆ ಒಣಗಿ ನಿಲ್ತಿವೆ. ಸಾಲಿನ ಉದ್ದವೂ ಮೀರ್ತಿದೆ.

ಉತ್ತರ: ವಿಭಕ್ತಿಪ್ರಿಯ

‘ಕೈನೆ ಜೋರ್ಗೆ’ ಅಂತ ಏಕವಚನದಲ್ಲಿ ಇದೆ, ಆದರೆ ಅದು ‘ಚಿಂತೆ ಮಾಡಬೇಡ’ ಅಂತ ಸಮಾಧಾನ ಹೇಳೋಕೆ. ಥ್ಯಾಂಕ್ಸ್‌ಗೆ ಮರುಮಾತಾಗಿ ಹುಡುಗರು ‘ಕೈನ್ ಡಿಂಗ್’ ಅಂತಾರೆ. ಸಾರಿ ಕೇಳಿದಾಗ ‘ಅಲೆಸ್ ಗೂಟ್’ ಅಥವಾ ‘ಪಸ್ಟ್ ಶೋನ್’, ನಮ್ಮ ‘ಪರವಾಗಿಲ್ಲ ಬಿಡು’. ಒಡತಿಗೆ ‘ಮಖ್ಟ್ ನಿಷ್ಟ್ಸ್’ ಅಥವಾ ‘ಇಸ್ಟ್ ಶೋನ್ ಇನ್ ಓರ್ಡ್‌ನುಂಗ್’ ಕೊಡಿ. ಒಂದೇ ಇಂಗ್ಲಿಷ್ ಸಾಲು ನಾಲ್ಕು ಕಡೆ ಬಂದರೆ ಜರ್ಮನ್ ನಾಲ್ಕೂ ಬೇರೆ ಆಗಬಹುದು, ಅದರಲ್ಲಿ ತಪ್ಪಿಲ್ಲ.

ಬಾಡಿಗೆಯ ಜಾಗದಲ್ಲಿ ಇಂಗ್ಲಿಷ್‌ನ ‘ಯೂ’ ಮುಚ್ಚಿಡುವುದು ಬಯಲಾಗುತ್ತೆ. ಹುಡುಗರ ನಡುವೆ ‘ಡೂ’, ನೀನು. ಒಡತಿಗೆ ‘ಜೀ’, ನೀವು. ಇಲ್ಲಿ ನಮಗೆ ಕಲಿಯೋದು ಏನೂ ಇಲ್ಲ: ‘ನೀವು’ ಅಂದ ಬಾಯಲ್ಲಿ ‘ಮಗಾ’ ಬರಲ್ಲ, ‘ಜೀ’ ಅಂದ ಬಾಯಲ್ಲಿ ‘ಡಿಗ್ಗಾ’ ಬರಲ್ಲ. ಅವಳ ಮುಂದೆ ‘ಟೂಟ್ ಮೀರ್ ಲೈಟ್, ಇಷ್ ಬಿನ್ ಗೆರಾಡೆ ಕ್ನಪ್ ಬೈ ಕಸೆ’. ಸಾರಿ, ಸದ್ಯಕ್ಕೆ ಕೈ ಸ್ವಲ್ಪ ಬಿಗಿ. ಅವಳು ಬಾಗಿಲು ಹಾಕಿಕೊಂಡು ಹೋದ ಮೇಲೆ ‘ಅಲ್ಟರ್, ಇಷ್ ಬಿನ್ ಜೋ ಪ್ಲೈಟೆ’ ಅಥವಾ ‘ಹಾಬ್ ನುಲ್ ಕೋಲೆ’. ಕೋಲೆ ಅಂದರೆ ಇದ್ದಿಲು, ಆಡುಮಾತಲ್ಲಿ ದುಡ್ಡು. ಮೂಲದಲ್ಲಿ ಎರಡೂ ಕಡೆ ‘ಬ್ರೋಕ್’ ಇದ್ದರೂ ಜರ್ಮನ್‌ನಲ್ಲಿ ಈ ಇಳಿತ ಕಾಣಬೇಕು, ದೃಶ್ಯದ ಸ್ವಾರಸ್ಯವೇ ಅದು. ಜರ್ಮನ್ ಕಾನೂನಿನ ಪ್ರಕಾರ ಬಾಡಿಗೆ ತಿಂಗಳ ಮೂರನೇ ಕೆಲಸದ ದಿನದೊಳಗೆ ಕೊಡಬೇಕು, ಹಾಗಾಗಿ ಅವಳು ಐದನೇ ತಾರೀಕು ಬಂದು ‘ಡೀ ಮೀಟೆ ಇಸ್ಟ್ ಫೆಲಿಷ್’ ಅಂದರೆ ನೋಡುಗರಿಗೆ ವಿವರಣೆ ಬೇಕಾಗಲ್ಲ.

ಸಾಲುಗಳು ಒಣಗಿರೋದಕ್ಕೆ ಕಾರಣ ಸಣ್ಣ ಪದಗಳು ಇಲ್ಲದಿರೋದು. ಕನ್ನಡದಲ್ಲಿ ‘ಬಾ’ ಬೇರೆ, ‘ಬಾರೋ’ ಬೇರೆ, ‘ಸ್ವಲ್ಪ ಬಾ’ ಬೇರೆ. ಜರ್ಮನ್‌ನಲ್ಲಿ ಆ ಕೆಲಸ ಮಾಡೋದು ಮಾಲ್, ಡೊಖ್, ಯಾ, ಹಲ್ಟ್, ಡೆನ್. ‘ಕೊಮ್ ಮಾಲ್’, ಸ್ವಲ್ಪ ಬಾ. ‘ಕೊಮ್ ಡೊಖ್ ಮಿಟ್’, ಜೊತೆಗೆ ಬಾರೋ. ‘ಡಸ್ ವೈಸ್ಟ್ ಡೂ ಯಾ’, ನಿಂಗೆ ಗೊತ್ತಲ್ಲ. ‘ಇಸ್ಟ್ ಹಲ್ಟ್ ಜೋ’, ಅದು ಹಂಗೇ ಬಿಡು. ಈ ಕೊನೆಯದು ಇಂಗ್ಲಿಷ್‌ನ ‘ಇಟ್ ಈಸ್ ವಾಟ್ ಇಟ್ ಈಸ್’ಗೆ ಹೇಳಿ ಮಾಡಿಸಿದ್ದು. ‘ವಸ್ ಮಖ್ಸ್ಟ್ ಡೂ ಡೆನ್ ಡಾ?’ ಅಂದರೆ ಅಲ್ಲೇನೋ ಮಾಡ್ತಿದ್ದೀಯ? ಇಂಗ್ಲಿಷ್ ಈ ಕೆಲಸವನ್ನೆಲ್ಲ ದನಿಯ ಏರಿಳಿತಕ್ಕೆ ಬಿಟ್ಟುಬಿಡುತ್ತೆ, ಅದಕ್ಕೇ ಇಂಗ್ಲಿಷ್ ಸಾಲು ನೋಡಿ ಬರೆದಾಗ ಇವು ಬಿದ್ದುಹೋಗ್ತವೆ. ನೀವು ಕನ್ನಡದಲ್ಲಿ ಸಾಲು ಹೇಳಿದಾಗ ‘ಕಣೋ’, ‘ಅಲ್ಲ’, ‘ಬಿಡು’, ‘ಸ್ವಲ್ಪ’ ಎಲ್ಲಿ ಬಂತೋ ಅಲ್ಲಿ ಜರ್ಮನ್‌ನಲ್ಲೂ ಒಂದು ಸಣ್ಣ ಪದ ಇರುತ್ತೆ ಅಂತ ಹುಡುಕಿ. ಸಾಲಿಗೆ ಒಂದು ಸಾಕು.

ಉತ್ತರ: ನಲವತ್ತೆರಡಕ್ಷರ

ಉದ್ದದ ಬಗ್ಗೆ. ಹೆಚ್ಚಿನ ಕಡೆ ಇರುವ ಮಿತಿ ಸಾಲಿಗೆ 42 ಅಕ್ಷರ, ತೆರೆಯಲ್ಲಿ ಒಮ್ಮೆಗೆ ಎರಡು ಸಾಲು, ದೊಡ್ಡವರ ಚಿತ್ರಕ್ಕೆ ಸೆಕೆಂಡಿಗೆ 17 ಅಕ್ಷರದ ಓದು. ರೋಮನ್ ಅಕ್ಷರದ ಲೆಕ್ಕ, ಖಾಲಿ ಜಾಗ ಮತ್ತು ಚುಕ್ಕೆ ಸೇರಿ. ‘ಐಯಾಮ್ ಸೋ ಡನ್’ ಇಂಗ್ಲಿಷ್‌ನಲ್ಲಿ 12. ನಿಘಂಟು ಕೊಡುವ ‘ಇಷ್ ಹಾಬ್ ಡೀ ಶ್ನೌಟ್ಸೆ ಫೊಲ್’, ಮೂತಿ ತುಂಬಿಹೋಯ್ತು ಅನ್ನೋದು, 26. ಅದಕ್ಕೆ ಒಂದೂವರೆ ಸೆಕೆಂಡ್ ಬೇಕು, ಅಷ್ಟರಲ್ಲಿ ಅವನು ಮುಂದಿನ ಮಾತು ಆಡಿರುತ್ತಾನೆ. ಮೇಲೆ ಹೇಳಿದ ‘ಮೀರ್ ರೈಷ್ಟ್ಸ್’ 13. ಕಣ್ಣುಮುಚ್ಚಿ ಅದನ್ನೇ ಹಾಕಿ.

ಅಕ್ಷರ ಉಳಿಸೋಕೆ ಆಡುಮಾತೇ ದಾರಿ ಕೊಡುತ್ತೆ. ಸಾಲಿನ ಮೊದಲ ‘ಇಷ್’ ಬಿಡಬಹುದು: ‘ಬಿನ್ ಡಬೈ’, ‘ಹಾಬ್ ನುಲ್ ಕೋಲೆ’. ‘ಹಾಬೆ’ ಬದಲು ‘ಹಾಬ್’, ‘ನಿಷ್ಟ್ಸ್’ ಬದಲು ‘ನಿಕ್ಸ್’. ಆದರೆ ‘ಹಸ್ಟೆ’, ‘ಕನ್ಸ್ಟೆ’ ಅನ್ನುವಂಥ ಸಂಧಿ ರೂಪಗಳನ್ನು ಬರವಣಿಗೆಯಲ್ಲಿ ಕಡಿಮೆ ಮಾಡಿ. ಕಿವಿಗೆ ಸಹಜ, ಕಣ್ಣಿಗೆ ತಡೆ, ಓದುಗ ಅರೆಕ್ಷಣ ನಿಂತುಬಿಡ್ತಾನೆ.

ಯಾವ ಪದ ಎಷ್ಟು ಒರಟು ಅಂತ ಅನುಮಾನ ಬಂದರೆ ಡೂಡೆನ್ ಅನ್ನೋ ಜರ್ಮನ್ ನಿಘಂಟಿನಲ್ಲಿ ಗುರುತು ನೋಡಿ: ‘ಉಮ್‌ಗಾಂಗ್ಸ್‌ಶ್ಪ್ರಾಖ್ಲಿಷ್’ ಅಂದರೆ ಬರೀ ಆಡುಮಾತು, ‘ಸಲೋಪ್’ ಅಂದರೆ ಸಲಿಗೆಯದು, ‘ಡೆರ್ಬ್’ ಅಂದರೆ ಒರಟು. ಡೆರ್ಬ್ ಕಂಡರೆ ಮೂಲದ ಇಂಗ್ಲಿಷ್ ಪದವೂ ಅಷ್ಟೇ ಒರಟಾ ಅಂತ ಇನ್ನೊಮ್ಮೆ ಕೇಳಿಕೊಳ್ಳಿ.

ಕಿಟಕಿಯ ಸಾಲಿನಲ್ಲಿ ‘ಎಫ್ನೆ’ ಬೇಡ, ಅದು ಸೂಚನಾಫಲಕದ ಭಾಷೆ. ‘ಮೀರ್ ಇಸ್ಟ್ ಹೈಸ್. ಮಖ್ ಮಾಲ್ ಡಸ್ ಫೆನ್ಸ್‌ಟರ್ ಔಫ್.’ ಎಣಿಸಿದರೆ 39, ಒಂದೇ ಸಾಲಿಗೆ ಕೂರುತ್ತೆ. ತೆರೆಯ ಮೇಲೆ ಎರಡೂಕಾಲು ಸೆಕೆಂಡಿಗಿಂತ ತುಸು ಹೆಚ್ಚು ಇರಲಿ.